ಸಹಾಯ ಬೇಕು: ಈ ಗಿಟಾರ್ ಬಾಡಿ ಬೀಟೆಯದಾ, ಹೊನ್ನೆಯದಾ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಗುಜರಿ ಅಂಗಡಿಯಲ್ಲಿ ಹಳೆ ಫ್ಯಾನುಗಳ ಕೆಳಗೆ ಬಿದ್ದಿದ್ದ ಎಲೆಕ್ಟ್ರಿಕ್ ಗಿಟಾರ್ ಬಾಡಿಯೊಂದನ್ನು 800 ರೂಪಾಯಿ ಕೊಟ್ಟು ತಂದಿದ್ದೇನೆ. ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆಯ ಹಿಡಿ) ಇಲ್ಲ, ತಂತಿಯ ಕಂಪನ ಹಿಡಿಯುವ ಪಿಕಪ್ ಇಲ್ಲ, ಸೀರಿಯಲ್ ನಂಬರ್ ಅಂತೂ ಎಲ್ಲೂ ಇಲ್ಲ. ಆಕಾರ ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರ್‌ನದು, ನೆಕ್ ಕೂರುವ ಗುಂಡಿಯ ಅಗಲ 56 ಮಿ.ಮೀ., ಅಂದರೆ ಹೆಚ್ಚುಕಮ್ಮಿ ಫೆಂಡರ್ ಅಳತೆಯೇ. ಆದರೆ ಪಿಕಪ್ ಗುಂಡಿಯೊಳಗೆ ಉಳಿಯ ಗುರುತು ಎದ್ದು ಕಾಣುತ್ತದೆ, ಮೆಷಿನ್ ಆಡಿಸಿದ ಹಾಗಿಲ್ಲ. ನಮ್ಮ ಕಡೆಯ ಆಚಾರಿ ಯಾರಾದರೂ ಮಾಡಿದ್ದಾ ಅಂತ ನನ್ನ ಅನುಮಾನ.

ಬರೀ ಬಾಡಿಯೇ 3 ಕೆ.ಜಿ. 400 ಗ್ರಾಂ ತೂಗುತ್ತದೆ! ಕಡು ಕಂದು ಬಣ್ಣ, ನಡುವೆ ಕಪ್ಪು ಗೆರೆ. ಅಪ್ಪ ನೋಡಿದ ಕೂಡಲೇ ಬೀಟೆ ಅಂದರು. ಪಕ್ಕದ ಮನೆ ಬಡಗಿ ಹೊನ್ನೆ ಅಂತ ಹಟ ಹಿಡಿದಿದ್ದಾರೆ. ಹೊನ್ನೆಯನ್ನು ನೀರಲ್ಲಿ ನೆನೆಸಿದರೆ ನೀರು ಕಂದಾಗಿ, ಬಿಸಿಲಿಗೆ ಹಿಡಿದಾಗ ನೀಲಿ ಹೊಳಪು ಕಾಣುತ್ತದೆ ಅಲ್ವಾ, ಅದಕ್ಕೇ ಸ್ಕ್ರೂ ತೂತಿನಿಂದ ಚಿಟಿಕೆ ಪುಡಿ ತೆಗೆದು ರಾತ್ರಿಯಿಡೀ ನೆನೆಸಿಟ್ಟೆ. ನೀಲಿ ಕಾಣಲಿಲ್ಲ. ಪುಡಿ ಕಡಿಮೆ ಆಯ್ತೋ ಏನೋ.

1968ರಲ್ಲಿ ಫೆಂಡರ್‌ನವರು ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್‌ಗೆ ಬೀಟೆ ಜಾತಿಯ ಮರದಲ್ಲೇ ಟೆಲಿಕಾಸ್ಟರ್ ಮಾಡಿಕೊಟ್ಟಿದ್ದರು. ನನ್ನದು ಅದಲ್ಲ ಬಿಡಿ, ಸುಮ್ನೆ ಹೇಳಿದೆ.

ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಹಿಂದೆ ಯಾರಾದರೂ ಇಂಥ ಗಿಟಾರ್ ಮಾಡುತ್ತಿದ್ದರಾ? ಪಾಲಿಶ್ ಕೆರೆಯದೆ ಮರ ಗುರುತಿಸುವುದು ಹೇಗೆ? ಮಾರುವುದಿಲ್ಲ, ದಯವಿಟ್ಟು ರೇಟ್ ಕೇಳಬೇಡಿ. ನೆಕ್ ಹಾಕಿ ನುಡಿಸಬೇಕು, ಅಷ್ಟೇ.