‘ಮ್ಯಾಚ್’: ಖಣಕ್ಕೂ ಕಡ್ಡಿಗೂ ಏನು ನಂಟು?

ಹೋದ ವಾರ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಗಳ ಇಳಕಲ್ ಸೀರೆಗೊಂದು ಖಣ ಹುಡುಕುತ್ತಿದ್ದೆವು. ‘ಮ್ಯಾಚಿಂಗ್ ಸೆಂಟರ್’ ಅನ್ನುವ ಬೋರ್ಡು ಓದಿದ ಮೊಮ್ಮಗಳು, “ಅಜ್ಜಾ, ಇಲ್ಲೆ ಕಡ್ಡಿಪೆಟಗಿ ಮಾರ್ತಾರೇನು?” ಅಂದಳು. ಅಂಗಡಿಯವನೂ ನಕ್ಕ. ಮನೆಗೆ ಬಂದು ನಿಘಂಟು ತೆಗೆದರೆ, ನಗುವಂಥದ್ದೇನೂ ಇರಲಿಲ್ಲ.

ಇವು ಮೂಲದಲ್ಲಿ ಎರಡು ಬೇರೆ ಪದಗಳು. ಉಚ್ಚಾರ ಸವೆದು ಸವೆದು ಒಂದೇ ಆಗಿ ಕೂತಿವೆ. ಕಡ್ಡಿಯ ಮ್ಯಾಚ್ ಹಳೆಯ ಫ್ರೆಂಚಿನಿಂದ ಬಂದದ್ದು, ಅಲ್ಲಿ ಅದರ ಅರ್ಥ ದೀಪದ ಬತ್ತಿ. ಅದರ ಹಿಂದೆ ಗ್ರೀಕಿನ ‘ಮುಕ್ಸಾ’ ಇದ್ದೀತೆಂದು ನಿಘಂಟುಕಾರರ ಊಹೆ. ಮುಕ್ಸಾ ಅಂದರೆ ಸಿಂಬಳ! ಹಣತೆಯ ಮೂತಿಯಿಂದ ಇಳಿಬಿದ್ದ ಬತ್ತಿ ಯಾರಿಗೋ ಹಾಗೆ ಕಂಡಿರಬೇಕು. ಮುಂದೆ ಕೋವಿಯ ಮದ್ದಿಗೆ ಕಿಡಿ ತಾಗಿಸುವ ಹುರಿಗೂ ಗಂಧಕ ಮೆತ್ತಿದ ಕಡ್ಡಿಗೂ ಅದೇ ಹೆಸರಾಯಿತು. 1827ರಲ್ಲಿ ಇಂಗ್ಲೆಂಡಿನ ಸ್ಟಾಕ್ಟನ್ ಊರಿನ ಔಷಧಿ ವ್ಯಾಪಾರಿ ಜಾನ್ ವಾಕರ್ ಗೀರಿದರೆ ಹತ್ತುವ ಕಡ್ಡಿ ಮಾರತೊಡಗಿದ, ಹೆಸರು ಅದಕ್ಕೂ ಅಂಟಿತು.

ಖಣದ ಮ್ಯಾಚ್ ಅಚ್ಚ ಇಂಗ್ಲಿಷಿನದು. ಮೊದಲ ಅರ್ಥ ಸಂಗಾತಿ, ಗಂಡ ಅಥವಾ ಹೆಂಡತಿ, ಸರಿಸಮನಾದವನು. ಸರಿಸಮನಾದ ಎದುರಾಳಿಯಿಂದ ಪಂದ್ಯ ಹುಟ್ಟಿತು, ಸರಿಹೊಂದುವ ಬಣ್ಣದಿಂದ ಮ್ಯಾಚಿಂಗ್. (ಮ್ಯಾಚ್‌ಮೇಕರ್ ಅಂದರೆ ಮದುವೆ ದಲ್ಲಾಳಿ ಸರಿ, ಹಿಂದೆ ಕಡ್ಡಿ ತಯಾರಿಸುವವನಿಗೂ ಹಾಗೇ ಅನ್ನುತ್ತಿದ್ದರು. ಇಬ್ಬರ ಕೆಲಸವೂ ಕಿಡಿ ಹಚ್ಚುವುದೇ ಅಂತ ನನ್ನ ಹೆಂಡತಿಯ ಷರಾ.)

ನನಗೆ ಬೆರಗಾದದ್ದು ಬೇರೆ. ನಮ್ಮ ಕಡೆಯ ಜಾತ್ರೆಯ ಕುಸ್ತಿ ಕಣದಲ್ಲಿ ಒಂದೊಂದು ಸೆಣಸಿಗೂ ‘ಜೋಡಿ’ ಅನ್ನುತ್ತಾರೆ: “ಇವತ್ತ ಮೂವತ್ತ ಜೋಡಿ ಆದವು.” ಗಂಡ-ಹೆಂಡತಿಯೂ ಜೋಡಿ, ಎತ್ತೂ ಜೋಡಿ, ಸೆಣಸುವ ಪೈಲ್ವಾನರೂ ಜೋಡಿ. ಆ ಇಂಗ್ಲಿಷ್ ಪದ ನಡೆದ ದಾರಿಯನ್ನೇ ನಮ್ಮ ಮಾತೂ ತಾನಾಗಿ ನಡೆದಿದೆ.

ಈಗ ನನ್ನ ಪ್ರಶ್ನೆ. ನಮ್ಮವ್ವ “ಈ ಸೀರಿಗೆ ಈ ಖಣ ಒಪ್ಪತೈತಿ” ಅನ್ನುತ್ತಿದ್ದಳು, ಒಮ್ಮೊಮ್ಮೆ “ಹೊಂದತೈತಿ”. ಕ್ರಿಯಾಪದಕ್ಕೆ ಕೊರತೆಯಿಲ್ಲ. ಆದರೆ ‘ಮ್ಯಾಚಿಂಗ್ ಖಣ’ ಅನ್ನುವಾಗಿನ ಮ್ಯಾಚಿಂಗ್‌ಗೆ ಏನನ್ನೋಣ? ‘ಹೊಂದಾಣಿಕೆಯ ಖಣ’ ಅಂದರೆ ರಾಜಕೀಯದ ವಾಸನೆ, ‘ಜೋಡಿ ಖಣ’ ಅಂದರೆ ಎರಡು ಖಣ ಕಟ್ಟಿ ಕೊಟ್ಟಾರು. ಗದಗ, ಹಾವೇರಿ ಕಡೆಯ ದರ್ಜಿಗಳ, ನೇಕಾರರ ಬಾಯಲ್ಲಿ ಬೇರೆ ಮಾತಿದ್ದರೆ ತಿಳಿಸಿ.