ಆಪರೇಷನ್ ನೋವಿಗೆ ಯಾವ ಮಾತ್ರೆ? ಹಾಸನದ ಅನಸ್ತೇಷಿಯಾ ಡಾಕ್ಟರ್ ಜೊತೆ ಪ್ರಶ್ನೋತ್ತರ

ಬೇಲೂರು: ಮೇಡಂ, ನಿನ್ನೆ ಬುದ್ಧಿ ಹಲ್ಲು ಕೀಳಿಸಿದೆ. ಟ್ರಮಡಾಲ್ ಅನ್ನೋ ನೋವಿನ ಮಾತ್ರೆ ಜಾಸ್ತಿ ಪವರ್ ಅಂತೆ. ಅದನ್ನೇ ತಗೊಳ್ಳಲಾ?

ಡಾಕ್ಟರ್: ಬೇಡ. ಅಲ್ಲಿ ನೋವು ಹುಟ್ಟುವುದೇ ಊತದಿಂದ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇಲ್ಲದಿದ್ದರೆ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಸೇರಿ ಚೆನ್ನಾಗಿ ಕೆಲಸ ಮಾಡುತ್ತವೆ. ಊಟ ಆದ ಮೇಲೆ ತಗೊಳ್ಳಿ. ಡೋಸ್ ನಿಮ್ಮ ಹಲ್ಲಿನ ಡಾಕ್ಟರ್ ಹೇಳಿದಷ್ಟೇ.

ಸಕಲೇಶಪುರ: ಅಪ್ಪನಿಗೆ 68. ಮಂಡಿ ಆಪರೇಷನ್ ಆಗಿ ಆರು ದಿನ. ಟ್ರಮಡಾಲ್‌ನಿಂದ ವಾಂತಿ, ಮಂಪರು. ನಾವೇ ನಿಲ್ಲಿಸಿ ಮನೆಯಲ್ಲಿದ್ದ ಇನ್ನೊಂದು ನೋವಿನ ಮಾತ್ರೆ ಡೈಕ್ಲೋಫಿನ್ಯಾಕ್ ದಿನಕ್ಕೆ ಮೂರು ಕೊಡುತ್ತಿದ್ದೇವೆ. ನೋವು ಇಳಿದಿದೆ, ಪಾದ ಊದಿದೆ. ಆಪರೇಷನ್ ಊತ ತಾನೇ?

ಡಾಕ್ಟರ್: ಒಂದೇ ಕಾಲಾ, ಎರಡೂನಾ? ಬಿಪಿಗೆ ಏನು ಮಾತ್ರೆ? ಮೂತ್ರ ಹೋಗುತ್ತಿದೆಯಾ?

ಸಕಲೇಶಪುರ: ಎರಡೂ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೋಗುವ ಮಾತ್ರೆ. ನಿನ್ನೆಯಿಂದ ಎರಡೇ ಸಲ ಹೋಗಿದ್ದು, ಡಿಕಾಕ್ಷನ್ ಥರ ಬಣ್ಣ. ಅರ್ಧ ಲೋಟ ಗಂಜಿ ಬಿಟ್ಟರೆ ಏನೂ ಸೇರುತ್ತಿಲ್ಲ.

ಡಾಕ್ಟರ್: ಡೈಕ್ಲೋಫಿನ್ಯಾಕ್ ಈಗಲೇ ನಿಲ್ಲಿಸಿ ತಂಗಿ. ಇವತ್ತೇ ಆಸ್ಪತ್ರೆಗೆ ಕರಕೊಂಡು ಹೋಗಿ, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಶಿಯಂ ನೋಡಿಸಿ. ನಾಳೆ ಅನ್ನಬೇಡಿ. ನಮ್ಮ ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಅಂತ ಇದೆ. ಊತ, ನೋವು ಏರಿಸುವುದೂ ಅದೇ, ಕಿಡ್ನಿಗೆ ರಕ್ತ ಹೋಗುವ ದಾರಿ ತೆರೆದಿಡುವುದೂ ಅದೇ. ಡೈಕ್ಲೋಫಿನ್ಯಾಕ್ ಅದನ್ನು ತಡೆಯುತ್ತದೆ. ಮೇಲೆ ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆ, ವಾಂತಿಯಾಗಿ ನೀರೂ ಕಮ್ಮಿ. ಕಿಡ್ನಿ ತಡೆಯಲ್ಲ. ಬಿಪಿ ಮಾತ್ರೆಗಳನ್ನು ಏನು ಮಾಡಬೇಕು ಅಂತ ಅಲ್ಲೇ ಕೇಳಿ, ಎಲ್ಲ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತಲೂ ನೋಡಲಿ. ಟ್ರಮಡಾಲ್ ಬೇರೆ ಜಾತಿ. ಅದು ಮೆದುಳು, ಬೆನ್ನುಹುರಿಯಲ್ಲಿ ನೋವು ತಗ್ಗಿಸುತ್ತದೆ, ಊತ ಇಳಿಸಲ್ಲ. ವಾಂತಿ, ಮಂಪರು, ಮಲಬದ್ಧತೆ ಅದರ ಕಾಟ. ಡೋಸ್ ಇಳಿಸಬಹುದಿತ್ತು, ವಾಂತಿಗೆ ಮಾತ್ರೆ ಕೊಡಬಹುದಿತ್ತು. ಒಂದು ಫೋನ್ ಮಾಡಬೇಕಿತ್ತು, ಅಲ್ವಾ?

ಚಿಕ್ಕಮಗಳೂರು: ಫಾರ್ವರ್ಡ್ ಬಂದಿದೆ. ಹೊಲಿಗೆ ಮೇಲೆ ಅರಿಶಿನ, ಸುಣ್ಣ ಕಲಸಿ ಹಚ್ಚಿದರೆ ಮೂರೇ ದಿನಕ್ಕೆ ನೋವು ಮಾಯ.

ಡಾಕ್ಟರ್: ಸುಣ್ಣ ಚರ್ಮ ಸುಡುತ್ತದೆ. ಹೊಲಿಗೆ ಕೀವಾದರೆ ಫಾರ್ವರ್ಡ್ ಮಾಡಿದವರು ಬರಲ್ಲ. ಅಳಿಸಿ.

ಅರಸೀಕೆರೆ: ಟ್ರಮಡಾಲ್ ಅಫೀಮಿನ ಜಾತಿ. ಒಂದು ಸಲ ತಗೊಂಡರೆ ಚಟ.

ಮೂಡಿಗೆರೆ: ಇಂಥ ಮಾತು ಕೇಳಿಯೇ ನಮ್ಮಮ್ಮನಿಗೆ ಗರ್ಭಕೋಶದ ಆಪರೇಷನ್ ಆದಾಗ ಕೊಡಲಿಲ್ಲ. ಎರಡು ರಾತ್ರಿ ಮಂಚದ ಕಂಬಿ ಹಿಡಿದು ಅತ್ತರು. ಕೆಮ್ಮೋಕೂ ಆಗುತ್ತಿರಲಿಲ್ಲ.

ಅರಸೀಕೆರೆ: ಅದಕ್ಕೆ ನಾನೇನು ಮಾಡಲಿ?

ಮೂಡಿಗೆರೆ: ಗೊತ್ತಿಲ್ಲದ್ದನ್ನು ಸುಮ್ನೆ ಬರೀಬೇಡಿ.

ಹೊಳೆನರಸೀಪುರ: ಹರ್ನಿಯಾ ಆಪರೇಷನ್ ಆಗಿದೆ. ಬೈಕ್ ಯಾವಾಗ ಓಡಿಸಬಹುದು?

ಡಾಕ್ಟರ್: ಜಗಳ ಸಾಕು. ಚಟದ ಭಯ ಸುಳ್ಳಲ್ಲ. ಅದಕ್ಕೇ 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತು ಕಾಯ್ದೆಗೆ ಸೇರಿಸಿದರು. ಹಾಗಂತ ದೊಡ್ಡ ಆಪರೇಷನ್ ಆದವರನ್ನು ನರಳಿಸಬೇಡಿ. ಚೀಟಿಯಲ್ಲಿ ಬರೆದಷ್ಟೇ ದಿನ ಕೊಡಿ. ಕುಡಿತ, ನಿದ್ದೆ ಮಾತ್ರೆ ಜೊತೆ ಬೇಡವೇ ಬೇಡ, ಉಸಿರಾಟ ತಗ್ಗುತ್ತದೆ. ಫಿಟ್ಸ್ ಇದ್ದವರು ಮೊದಲೇ ಹೇಳಿ.

ಅರಕಲಗೂಡು: ಹಲ್ಲು ಕೀಳಿಸಿದ್ದೇನೆ, ಟ್ರಮಡಾಲ್ ತಗೊಳ್ಳಬಹುದಾ?

ಡಾಕ್ಟರ್: ಮೇಲೆ ಓದಿ.

ಚಿಕ್ಕಮಗಳೂರು: ಅರಿಶಿನ ಒಂದೇ ಆದರೆ?

ಡಾಕ್ಟರ್: ಹೊಲಿಗೆ ಮೇಲೆ ಏನೂ ಬೇಡ. ಸಕಲೇಶಪುರದ ತಂಗಿ, ಹೊರಟಿರಾ?

ಸಕಲೇಶಪುರ: ಆಟೋದಲ್ಲಿದ್ದೇವೆ ಮೇಡಂ. ಮಾತ್ರೆ ಚೀಲ ಕೈಯಲ್ಲೇ ಇದೆ.