ಮಡಚುವ ಚಾಕುವಿನ ಬಿಗಿ ಲಾಕ್: ಇಟ್ಟುಕೊಳ್ಳುವುದೋ, ಹಿಂದಿರುಗಿಸುವುದೋ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಕ್ಯಾತ್ಸಂದ್ರ, ತುಮಕೂರು

ಮೂರೂವರೆ ಅಂಗುಲದ ಅಲಗಿರುವ ಮಡಚುವ ಚಾಕುವೊಂದನ್ನು 3,850 ರೂಪಾಯಿ ಕೊಟ್ಟು ತರಿಸಿಕೊಂಡಿದ್ದೇನೆ. ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯಲು, ಹಿಡಿಯ ಬೆನ್ನಿನ ಮೇಲೆ ಒತ್ತಿ ಬಿಡಿಸುವ ಬ್ಯಾಕ್ ಲಾಕ್ ಇದೆ. ಅಲಗಿನ ಬಗ್ಗೆ ದೂರಿಲ್ಲ, ಆದರೆ ಮುಚ್ಚಬೇಕೆಂದರೆ ಎರಡು ಹೆಬ್ಬೆರಳನ್ನೂ ಸೇರಿಸಿ ಒತ್ತಬೇಕು. ತೋಟದಲ್ಲಿ ಒಂದು ಕೈಯಲ್ಲಿ ಡ್ರಿಪ್ ಪೈಪು ಹಿಡಿದಿರುವಾಗ ಅದು ಆಗದ ಮಾತು. ಚಾಕುಪ್ರಿಯರು ಹತ್ತು ಹದಿನೈದು ವರ್ಷಗಳ ಹಿಂದೆ ಬರೆದಿರುವುದನ್ನು ಓದಿದರೆ ಬಿಗಿಯಾದ ಲಾಕ್ ಭದ್ರತೆಯ ಗುರುತು ಎಂದಿದೆ. ಈಚೆಗೆ ಬರೆಯುವವರು ಅದನ್ನೇ ತಯಾರಿಕೆಯ ದೋಷ ಎನ್ನುತ್ತಾರೆ. ಹಿಂದಿರುಗಿಸುವ ಗಡುವು ಭಾನುವಾರಕ್ಕೆ ಮುಗಿಯುತ್ತದೆ. ಬಳಸುತ್ತಾ ಬಳಸುತ್ತಾ ಸಲೀಸಾಗುತ್ತದೆಯೇ? ಅಥವಾ ಇದನ್ನು ಕೊಟ್ಟು, ಎರಡೂ ಪಕ್ಕದಿಂದ ಎಳೆಯುವ ಅಡ್ಡಸರಳಿನ ಲಾಕ್ ಇರುವುದನ್ನು ತರಿಸಲೇ?

ಶ್ರೀನಿವಾಸಪುರ, ಮಾವಿನ ನರ್ಸರಿ

ಖಂಡಿತ ಹಿಂದಿರುಗಿಸಬೇಡಿ. ನಾನು ಮಾವಿನ ಮೃದುಕಾಂಡ ಕಸಿ ಮಾಡುವವನು. ಬೇರುಸಸಿಯ ತಲೆ ಕತ್ತರಿಸಿ, ನಡುವೆ ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕೆ ಸೀಳಿ, ಆ ಸೀಳಿಗೆ ಕಸಿಕಡ್ಡಿಯನ್ನು ಬೆಣೆಯಂತೆ ಕೂರಿಸಬೇಕು. ಸೀಳುವಾಗ ಯಾವ ಚಾಕುವೂ ಕೈಕೊಡುವುದಿಲ್ಲ. ಸೀಳಿನಲ್ಲಿ ಸಿಕ್ಕಿಕೊಂಡ ಅಲಗನ್ನು ಅಲುಗಾಡಿಸಿ ಹಿಂದಕ್ಕೆ ಎಳೆಯುವಾಗಲೇ ಅದು ಮಡಚಿಕೊಳ್ಳಲು ನೋಡುತ್ತದೆ. ನನ್ನ ಹಿಂದಿನ ಚಾಕು 650 ರೂಪಾಯಿಯದು, ಹಿಡಿಯೊಳಗಿನ ತೆಳು ತಗಡು ಅಲಗಿನ ಬುಡಕ್ಕೆ ಅಡ್ಡ ಬಂದು ತಡೆಯುವ ಲೈನರ್ ಲಾಕ್, ಬೆರಳ ತುದಿಯಲ್ಲಿ ತಳ್ಳಿದರೆ ಮುಚ್ಚುತ್ತಿತ್ತು, ಮಾರಿದವರೂ ಅದನ್ನೇ ಹೆಚ್ಚುಗಾರಿಕೆ ಎಂದು ಹೇಳಿದ್ದರು. ಆಷಾಢದ ಮಳೆಯಲ್ಲಿ, ಕಸಿಯ ಕೆಲಸ ಬಿರುಸಾಗಿದ್ದಾಗ, ಅದು ನನ್ನ ತೋರುಬೆರಳ ಮೇಲೆ ಮಡಚಿಕೊಂಡಿತು. ನಾಲ್ಕು ಹೊಲಿಗೆ, ಧನುರ್ವಾಯು ಚುಚ್ಚುಮದ್ದು, ಔಷಧಿ ಎಲ್ಲ ಸೇರಿ 2,260 ರೂಪಾಯಿ. ಬೆರಳು ಮಾಯುವವರೆಗೆ ಪಕ್ಕದ ಊರಿನ ಕಸಿಗಾರನಿಗೆ ಗಿಡಕ್ಕೆ 4 ರೂಪಾಯಿಯಂತೆ ಕೊಟ್ಟು, ಮೇಲೆ ಊಟ ಮತ್ತು ಬಸ್ ಚಾರ್ಜು ಕೊಟ್ಟದ್ದು ಬೇರೆ. ಅವನು ಕಟ್ಟಿದವುಗಳಲ್ಲಿ ಒಣಗಿಹೋದ ಗಿಡಗಳ ನಷ್ಟವನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಆಮೇಲೆ 5,200 ರೂಪಾಯಿಗೆ ಬ್ಯಾಕ್ ಲಾಕ್ ಚಾಕು ತೆಗೆದುಕೊಂಡೆ. ಮೊದಲ ಹಂಗಾಮಿನಲ್ಲಿ ಹೆಬ್ಬೆರಳ ಚರ್ಮ ಸುಲಿದದ್ದು ನಿಜ. ಈಗ ಚರ್ಮ ಗಟ್ಟಿಯಾಗಿದೆ, ಲಾಕ್ ಇನ್ನೂ ಬಿಗಿಯಾಗಿಯೇ ಇದೆ, ಅದು ಹಾಗೆಯೇ ಇರಲಿ ಎಂಬುದು ನನ್ನ ಆಸೆ. ಮಾವಿನ ಸೊನೆ ಒಳಗೆ ಸೇರಿದರೆ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತೇನೆ. ಕೂತಲ್ಲಿ ಚಾಕು ಬಿಚ್ಚಿ ಮುಚ್ಚಿ ಆಡುವವರ ಮಾತು ಕೇಳಿ ಇಂಥ ವಸ್ತುವನ್ನು ಹಿಂದಿರುಗಿಸುವುದು ಅನ್ಯಾಯ.

ಚಿಕ್ಕಬಳ್ಳಾಪುರ, ಚಾಕು ಸಂಗ್ರಾಹಕ

ಮೇಲಿನ ಹಿರಿಯರ ಬೆರಳಿಗಾದ ಗಾಯಕ್ಕೆ ವಿಷಾದವಿದೆ, ಆದರೆ ಬಿಗಿಯೇ ಬಲ ಎಂಬ ಅವರ ವಾದ ನನ್ನಂಥವರ ಹಣ ತಿಂದ ವಾದ. ಟೈಟಾನಿಯಂ ಹಿಡಿಯ, ಆ ಹಿಡಿಯ ಒಂದು ಪಕ್ಕವೇ ಲಾಕ್ ಆಗಿರುವ ಫ್ರೇಮ್ ಲಾಕ್ ಚಾಕುವೊಂದಕ್ಕೆ 21,500 ರೂಪಾಯಿ ಕೊಟ್ಟೆ. ಅದರ ಮೇಲೆ ಸುಂಕ 8,900, ಕೊರಿಯರ್‌ನವರ ಶುಲ್ಕ 1,180. ತೆರೆದ ಅಲಗು ಮುಚ್ಚಬೇಕಾದರೆ ಲಾಕ್ ಕಚ್ಚಿಕೊಂಡು, ಉಗುರಿನ ಸಂದಿನಲ್ಲಿ ರಕ್ತ ಬರುವಷ್ಟು ಒತ್ತಬೇಕಿತ್ತು. ಆಗ ಬಲ್ಲವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಅದು ತಿಜೋರಿಯ ಬಾಗಿಲಿನಂತೆ, ಬಳಸಿ ಪಳಗಿಸಿ. ಲಾಕ್‌ನ ತುದಿಗೆ ಪೆನ್ಸಿಲ್ ಸೀಸ ಉಜ್ಜಿದೆ, ಮಾರ್ಕರ್ ಶಾಯಿ ಬಳಿದೆ, ಒಂದು ವಾರ ಸಲೀಸು, ಮತ್ತೆ ಅದೇ ಕಚ್ಚು. ತಯಾರಕರಿಗೆ ಹಿಂದಕ್ಕೆ ಕಳಿಸಲು 3,400 ರೂಪಾಯಿ ಖರ್ಚಾಯಿತು, ತಿಂಗಳುಗಟ್ಟಲೆ ಕಾದ ಮೇಲೆ "ಇದು ಸಹಜ ಮಿತಿಯೊಳಗಿದೆ" ಎಂಬ ಒಂದು ಸಾಲಿನ ಚೀಟಿಯೊಡನೆ ಚಾಕು ಹಾಗೆಯೇ ಬಂತು. ಕೊನೆಗೆ ಬೆಂಗಳೂರಿನ ಒಬ್ಬರಿಗೆ 13,000ಕ್ಕೆ ಮಾರಿದೆ. ಕೂಡಿಸಿದರೆ 21,980 ರೂಪಾಯಿ ನಷ್ಟ.

ಲೈನರ್ ಲಾಕ್ ಅನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್, 1980ರ ದಶಕದ ಆರಂಭದಲ್ಲಿ. ಅದನ್ನೇ ದಪ್ಪ ಮಾಡಿ ಹಿಡಿಯ ಒಂದು ಪಕ್ಕವನ್ನೇ ಲಾಕ್ ಆಗಿಸಿದವರು ದಕ್ಷಿಣ ಆಫ್ರಿಕಾದ ಕ್ರಿಸ್ ರೀವ್. ಅವರ ಸೆಬೆನ್ಜಾ ಚಾಕುವಿನ ಬಿಗಿಯನ್ನು ಹೊಗಳಿ ಹೊಗಳಿಯೇ ಒಂದು ಪೀಳಿಗೆ ಬೆಳೆಯಿತು. ಟೈಟಾನಿಯಂ ಮೆದುವಾದ ಲೋಹ, ಗಟ್ಟಿ ಉಕ್ಕಿಗೆ ಉಜ್ಜಿದಾಗ ಅದಕ್ಕೆ ಅಂಟಿಕೊಳ್ಳುತ್ತದೆ. ಈ ಕಾರಣಕ್ಕೇ ಅನೇಕ ತಯಾರಕರು ಲಾಕ್‌ನ ತುದಿಗೆ ಉಕ್ಕಿನ ತುಣುಕು ಕೂರಿಸತೊಡಗಿದರು, ಸೆಬೆನ್ಜಾದ ಈಚಿನ ಮಾದರಿಗಳಲ್ಲಿ ಅಲ್ಲಿ ಸೆರಾಮಿಕ್ ಗುಂಡೇ ಬಂದಿದೆ. ಬಿಗಿಯೇ ಗುಣವಾಗಿದ್ದರೆ ಅವರು ಇಷ್ಟೆಲ್ಲ ಶ್ರಮಪಡುತ್ತಿದ್ದರೇ? ಹಿಂದಿರುಗಿಸಿ.

ಶ್ರೀನಿವಾಸಪುರ, ಮಾವಿನ ನರ್ಸರಿ

ಕೇಳಿದವರು ಬ್ಯಾಕ್ ಲಾಕ್ ಬಗ್ಗೆ ಕೇಳಿದ್ದಾರೆ, ತಾವು ಟೈಟಾನಿಯಂ ಕಥೆ ಹೇಳುತ್ತಿದ್ದೀರಿ. ಗಾಜಿನ ಪೆಟ್ಟಿಗೆಯಲ್ಲಿಡುವ ಮೂವತ್ತು ಸಾವಿರದ ಚಾಕುವಿಗೂ ಸೊನೆ ಮೆತ್ತಿದ ಕೈಯಲ್ಲಿರುವ ಚಾಕುವಿಗೂ ಹೋಲಿಕೆ ಇಲ್ಲ.

ಚಿಕ್ಕಬಳ್ಳಾಪುರ, ಚಾಕು ಸಂಗ್ರಾಹಕ

ಗಾಜಿನ ಪೆಟ್ಟಿಗೆಯಲ್ಲಿಡುತ್ತೇನೆಂದು ನಾನು ಎಲ್ಲಿಯೂ ಹೇಳಿಲ್ಲ. ನಮ್ಮ ಮನೆಯ ದ್ರಾಕ್ಷಿ ತೋಟದಲ್ಲಿ ಡಾಗ್‌ರಿಡ್ಜ್ ಎಂಬ ತಳಿಯ ಬೇರುಸಸಿಗೆ ಕಸಿ ಕಟ್ಟುವುದನ್ನು ನಾನೂ ಮಾಡಿದ್ದೇನೆ. ದುಡಿಯುವವರ ಹೆಸರಿನಲ್ಲಿ ಕೆಟ್ಟ ತಯಾರಿಕೆಗೆ ರಕ್ಷಣೆ ಕೊಡಬೇಡಿ.

ತಿಪಟೂರು, ಶಿಕ್ಷಕಿ

ಇಬ್ಬರೂ ಹೆಬ್ಬೆರಳ ಶಕ್ತಿ ಎಲ್ಲರಿಗೂ ಒಂದೇ ಎಂದುಕೊಂಡು ಮಾತನಾಡುತ್ತಿದ್ದೀರಿ. ನಾನು ಎಡಚಿ, ಹೆಬ್ಬೆರಳ ಬುಡದ ಕೀಲಿನಲ್ಲಿ ಸಂಧಿವಾತವಿದೆ. ಮಧುಗಿರಿ, ದೇವರಾಯನದುರ್ಗದ ಬೆಟ್ಟಗಳಿಗೆ ಮಕ್ಕಳನ್ನು ಕರೆದೊಯ್ಯುವಾಗ ಹಣ್ಣು ಹೆಚ್ಚಲು, ಹಗ್ಗ ಕತ್ತರಿಸಲು ಚೀಲದಲ್ಲಿ ಒಂದು ಚಾಕು ಬೇಕು. ಲೈನರ್ ಮತ್ತು ಫ್ರೇಮ್ ಲಾಕ್‌ಗಳು ಬಹುಪಾಲು ಬಲಗೈಯವರ ಅನುಕೂಲಕ್ಕೆ ಮಾಡಿದವು. ಬಿಗಿ ಬ್ಯಾಕ್ ಲಾಕ್ ಒತ್ತಲು ನಾನು ಚಾಕುವನ್ನು ತೊಡೆಯ ಮೇಲಿಟ್ಟುಕೊಳ್ಳಬೇಕಾಗಿತ್ತು, ಅಂದರೆ ತೆರೆದ ಅಲಗು ನನ್ನ ಮೈಗೆ ತಾಗುವಷ್ಟು ಹತ್ತಿರವಿರುತ್ತಿತ್ತು. ಭದ್ರತೆ ಎಂದು ಹೊಗಳುವವರು ಮುಚ್ಚುವಾಗಿನ ಅಪಾಯವನ್ನು ಏಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ?

ನಾನು ಅಡ್ಡಸರಳಿನ ಲಾಕ್ ಇರುವುದನ್ನು 2,700 ರೂಪಾಯಿಗೆ ಕೊಂಡೆ. ಬೆಂಚ್‌ಮೇಡ್ ಎಂಬ ಚಾಕು ಕಂಪನಿಯವರು 1998ರಲ್ಲಿ ಆಕ್ಸಿಸ್ ಎಂಬ ಹೆಸರಿನಲ್ಲಿ ತಂದ ಈ ವಿನ್ಯಾಸವನ್ನು ಪೇಟೆಂಟ್ ಮುಗಿದ ಮೇಲೆ ಹಲವರು ತಯಾರಿಸುತ್ತಿದ್ದಾರೆ. ಎಡಗೈ, ಬಲಗೈ ಎರಡಕ್ಕೂ ಸಮ, ಬೆರಳುಗಳು ಅಲಗಿನ ದಾರಿಗೆ ಬರುವುದಿಲ್ಲ. ಒಳಗಿನ ತಂತಿ ಸ್ಪ್ರಿಂಗ್ ಒಂದು ಮುರಿಯಿತು, ನಿಜ. ಎರಡೂ ಪಕ್ಕದಲ್ಲಿ ಒಂದೊಂದು ಸ್ಪ್ರಿಂಗ್ ಇರುವುದರಿಂದ ಇನ್ನೊಂದರ ಬಲದಲ್ಲಿ ಊರು ತಲುಪುವವರೆಗೆ ಕೆಲಸ ನಡೆಯಿತು. ಹೊಸ ಜೋಡಿಗೆ ಅಂಚೆ ವೆಚ್ಚ ಸೇರಿ 420, ಅದನ್ನು ಕೂರಿಸಲು ಬೇಕಾದ ನಕ್ಷತ್ರ ಮೊನೆಯ ಸ್ಕ್ರೂಡ್ರೈವರ್‌ಗೆ 180.

ಶ್ರೀನಿವಾಸಪುರ, ಮಾವಿನ ನರ್ಸರಿ

ತಾಯಿ, ಕೂದಲೆಳೆಯಂಥ ತಂತಿಯನ್ನು ನಂಬಿ ಮಕ್ಕಳ ಜೊತೆ ಬೆಟ್ಟ ಹತ್ತುತ್ತೀರಲ್ಲ. ಅದು ಮುರಿದದ್ದನ್ನು ನೀವೇ ಹೇಳುತ್ತಿದ್ದೀರಿ.

ತಿಪಟೂರು, ಶಿಕ್ಷಕಿ

ಅಲಗನ್ನು ತಡೆಯುವುದು ಆ ತಂತಿಯಲ್ಲ, ಅಡ್ಡ ಕೂರುವ ಗಟ್ಟಿ ಉಕ್ಕಿನ ಸರಳು. ತಂತಿಯ ಕೆಲಸ ಸರಳನ್ನು ಅದರ ಜಾಗಕ್ಕೆ ತಳ್ಳುವುದಷ್ಟೇ. ನನ್ನ ವಿದ್ಯಾರ್ಥಿಗಳ ಸುರಕ್ಷತೆಯ ಬಗ್ಗೆ ನನಗೆ ಪಾಠ ಹೇಳುವ ಮೊದಲು ಲಾಕ್ ಕೆಲಸ ಮಾಡುವ ಬಗೆಯನ್ನು ದಯವಿಟ್ಟು ತಿಳಿದುಕೊಳ್ಳಿ.

ಕೆಜಿಎಫ್, ನಿವೃತ್ತ ಲೇತ್ ಕೆಲಸಗಾರ

ಜಗಳಕ್ಕೆ ಕಾರಣವೆಂದರೆ ಎರಡು ಬೇರೆ ದೋಷಗಳಿಗೆ ಎಲ್ಲರೂ ಬಿಗಿ ಎಂಬ ಒಂದೇ ಮಾತು ಬಳಸುತ್ತಿರುವುದು. ಬ್ಯಾಕ್ ಲಾಕ್‌ನಲ್ಲಿ ಬೆನ್ನಿನ ಉದ್ದಕ್ಕೂ ಇರುವ ಸನ್ನೆಯನ್ನು (ಲಿವರ್) ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಹೆಬ್ಬೆರಳು ಒತ್ತುವ ಜಾಗ ಸನ್ನೆ ತಿರುಗುವ ಅಚ್ಚಿಗೆ ಹತ್ತಿರವಿದ್ದರೆ ಹೆಚ್ಚು ಬಲ ಬೇಕು, ಹಿಡಿಯ ಹಿಂತುದಿಯ ಕಡೆಗಿದ್ದರೆ ಕಡಿಮೆ ಸಾಕು. 1964ರಿಂದ ಬರುತ್ತಿರುವ ಬಕ್ 110 ಚಾಕುವಿನಲ್ಲಿ ಒತ್ತುವ ಜಾಗ ಹಿಂತುದಿಯಲ್ಲಿದೆ. ನಡುವಿನಲ್ಲಿದ್ದರೆ ಒಂದೇ ಕೈಯಲ್ಲಿ ಮುಚ್ಚಲು ಅನುಕೂಲ, ಆದರೆ ಗಟ್ಟಿಯಾಗಿ ಹಿಡಿದಾಗ ಅಂಗೈಯ ಮಾಂಸವೇ ಸನ್ನೆಯನ್ನು ಒತ್ತಿ ಲಾಕ್ ಬಿಡಿಸಿಬಿಡುವ ಅಪಾಯವಿದೆ. ಅದನ್ನು ತಪ್ಪಿಸಲು ಹಲವರು ಸ್ಪ್ರಿಂಗ್ ಬಲ ಹೆಚ್ಚಿಸಿದರು. ಡೇವಿಡ್ ಬೋಯ್ ಎಂಬವರು ಸನ್ನೆಯಲ್ಲೇ ಒಂದು ತಗ್ಗು ಕೊರೆದು ಬೇರೆ ದಾರಿ ಕಂಡುಕೊಂಡರು, ಸ್ಪೈಡರ್ಕೊ ಚಾಕುಗಳಲ್ಲಿ ಅದನ್ನು ಕಾಣಬಹುದು. ಕೋಲ್ಡ್ ಸ್ಟೀಲ್ ಕಂಪನಿಗಾಗಿ ಆಂಡ್ರ್ಯೂ ಡೆಮ್ಕೊ ಮಾಡಿದ ಟ್ರೈ-ಆಡ್ ಲಾಕ್‌ನಲ್ಲಿ ಅಲಗಿನ ಹೊಡೆತವನ್ನು ನಡುವಿನ ಒಂದು ಪಿನ್ ತೆಗೆದುಕೊಳ್ಳುತ್ತದೆ. ಅದು ಹೊಸದಿದ್ದಾಗ ಬಹಳ ಬಿಗಿ, ಆದರೆ ಅದರ ಬಲವಿರುವುದು ಪಿನ್‌ನಲ್ಲಿ, ಹೆಬ್ಬೆರಳಿಗೆ ಆಗುವ ನೋವಿನಲ್ಲಲ್ಲ.

ಪರೀಕ್ಷೆ ಸುಲಭ. ಸನ್ನೆಯನ್ನು ನಿಧಾನವಾಗಿ ಒತ್ತಿ. ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಭಾರ ಎನಿಸಿದರೆ ಅದು ಸ್ಪ್ರಿಂಗ್, ಬಳಕೆಯಿಂದ ಸ್ವಲ್ಪ ಇಳಿದೀತು, ಪೂರ್ತಿ ಇಳಿಯದು. ಮೊದಲು ಅಲ್ಲಾಡದೆ, ನಂತರ ಟಕ್ಕೆಂದು ಬಿಟ್ಟುಕೊಂಡರೆ ಕೂಡುವ ಮುಖಗಳು ಕಚ್ಚುತ್ತಿವೆ ಎಂದರ್ಥ. ಅಲ್ಲಿ ಕಣ್ಣಿಗೆ ಕಾಣದ ಚೂರುಗಳಿದ್ದರೆ ನೂರಾರು ಬಾರಿ ಬಿಚ್ಚಿ ಮುಚ್ಚುವುದರಲ್ಲಿ ಸವೆದು ಸರಿಹೋಗುತ್ತವೆ. ಕೋನವೇ ತಪ್ಪಿದ್ದರೆ ಎಷ್ಟು ಬಳಸಿದರೂ ಸರಿಹೋಗುವುದಿಲ್ಲ. ಚಿಕ್ಕಬಳ್ಳಾಪುರದವರ ಚಾಕು ಆ ಕೋನ ತಪ್ಪಿದ ಜಾತಿಯದೇ ಇರಬೇಕು.

ಚಿಕ್ಕಬಳ್ಳಾಪುರ, ಚಾಕು ಸಂಗ್ರಾಹಕ

ನೂರಾರು ಬಾರಿ ಬಿಚ್ಚಿ ಮುಚ್ಚಿ ಸವೆಸುವುದು ತಯಾರಕರ ಕೆಲಸ, ಹಣ ಕೊಟ್ಟವನ ಕೆಲಸವಲ್ಲ. ಇಂದಿನವರು ಅದನ್ನು ಒಪ್ಪುವುದಿಲ್ಲ ಎಂಬುದೇ ಒಳ್ಳೆಯ ಬದಲಾವಣೆ. ಬೇರಿಂಗ್ ಮೇಲೆ ತಿರುಗುವ, ಲಾಕ್ ಬಿಡಿಸಿದರೆ ತನ್ನ ಭಾರಕ್ಕೆ ತಾನೇ ಮುಚ್ಚುವ ಅಲಗುಗಳು ಮೂರು ನಾಲ್ಕು ಸಾವಿರಕ್ಕೇ ಸಿಗುತ್ತಿವೆ.

ಕೆಜಿಎಫ್, ನಿವೃತ್ತ ಲೇತ್ ಕೆಲಸಗಾರ

ತಾನೇ ಮುಚ್ಚುವ ಅಲಗು ನಿಮ್ಮ ಬೆರಳಿನ ಮೇಲೂ ತಾನೇ ಮುಚ್ಚುತ್ತದೆ. ತೋಟದ ಮಣ್ಣಿನ ಧೂಳು ಬೇರಿಂಗ್‌ಗೆ ಸೇರಿದ ಮೇಲೆ ಅದರ ನಯ ಎಷ್ಟು ದಿನ ಉಳಿಯುತ್ತದೆಂದು ಲೇತ್ ಮುಂದೆ ನಿಂತವರನ್ನು ಕೇಳಿ. ಕಂಚಿನ ವಾಷರ್ ನಿಧಾನ, ಆದರೆ ಧೂಳನ್ನು ಸಹಿಸುತ್ತದೆ.

ಶಿಡ್ಲಘಟ್ಟ, ರೇಷ್ಮೆ ಬೆಳೆಗಾರ

ನನ್ನದು ಮರದ ಹಿಡಿಯ, ಫ್ರಾನ್ಸಿನ ಒಪಿನೆಲ್ ಕಂಪನಿಯ 8ನೇ ನಂಬರು ಚಾಕು, ಎಂಟೂವರೆ ಸೆಂಟಿಮೀಟರ್ ಅಲಗು, 1,750 ರೂಪಾಯಿ. ಕುತ್ತಿಗೆಯ ಉಕ್ಕಿನ ಬಳೆ ತಿರುಗಿಸಿದರೆ ಲಾಕ್ ಆಗುತ್ತದೆ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಸೇರಿಸಿದ ಈ ಬಳೆಗೆ ಸ್ಪ್ರಿಂಗ್ ಸನ್ನೆಯ ಗೊಡವೆ ಇಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ತೋಟದಲ್ಲಿ ಬೆಳಗಿನ ಇಬ್ಬನಿ ತಾಗಿದರೆ ಮರ ಉಬ್ಬಿ ಅಲಗೇ ಹೊರಗೆ ಬರುವುದಿಲ್ಲ, ಆಗ ಹಿಡಿಯ ಹಿಂತುದಿಯನ್ನು ಕಲ್ಲಿಗೆ ಕುಟ್ಟಿ ಅಲಗು ಜಾರಿಸುತ್ತೇನೆ. ಫ್ರಾನ್ಸಿನ ಸವೋಯ್ ಪ್ರದೇಶದ ಜನ ಮಾಡುವುದೂ ಅದನ್ನೇ. ಅಗಸೆ ಎಣ್ಣೆಗೆ 240 ರೂಪಾಯಿ ಹಾಕಿ, ಹಿಡಿಯನ್ನು ನೆನೆಸಿ, ಒಣಗಿಸಿ, ಮತ್ತೆ ನೆನೆಸಿದ ಮೇಲೆ ಉಬ್ಬುವುದು ಕಡಿಮೆಯಾಯಿತು. ಮೊದಲನೆಯ ಹಿಡಿ ಮಾತ್ರ ಬಿಸಿಲಿಗಿಟ್ಟಾಗ ಬಿರಿಯಿತು.

ಚಿಕ್ಕಬಳ್ಳಾಪುರ, ಚಾಕು ಸಂಗ್ರಾಹಕ

ಮರ ಉಬ್ಬುವುದು ಲಾಕ್‌ನ ಬಿಗಿಯಲ್ಲ. ಇಲ್ಲಿನ ವಿಷಯ ಬೇರೆ.

ಶಿಡ್ಲಘಟ್ಟ, ರೇಷ್ಮೆ ಬೆಳೆಗಾರ

ಬೆಳಗಿನ ಕೆಲಸಕ್ಕೆ ಚಾಕು ತೆರೆಯಲಾಗದಿದ್ದರೆ ಅದು ಲಾಕೋ ಮರವೋ ಎಂದು ನೋಡುತ್ತಾ ಕೂರಲು ನನ್ನ ಹುಳುಗಳು ಬಿಡುವುದಿಲ್ಲ ಸ್ವಾಮಿ. 21,980 ರೂಪಾಯಿ ನಷ್ಟದ ವಿಷಯಕ್ಕೆ ಇಲ್ಲಿ ಜಾಗವಿದ್ದರೆ ನನ್ನ 1,750ಕ್ಕೂ ಇರಬೇಕು.

ಕ್ಯಾತ್ಸಂದ್ರ, ತುಮಕೂರು

ಎಲ್ಲರಿಗೂ ನಮಸ್ಕಾರ. ಕೆಜಿಎಫ್‌ನವರು ಹೇಳಿದಂತೆ ಒತ್ತಿ ನೋಡಿದೆ. ಮೊದಲರ್ಧ ಸಮನಾದ ಭಾರ, ಕೊನೆಯಲ್ಲಿ ಸಣ್ಣದೊಂದು ಟಕ್. ಸನ್ನೆಯ ಒತ್ತುವ ಜಾಗ ಹಿಡಿಯ ನಡುವಿನಲ್ಲಿದೆ, ತಗ್ಗು ಕೊರೆದಿಲ್ಲ. ಸ್ಕ್ರೂ ಬಿಚ್ಚಿ ಸ್ಪ್ರಿಂಗ್ ಸ್ವಲ್ಪ ಉಜ್ಜಬಹುದೇ?

ಕೆಜಿಎಫ್, ನಿವೃತ್ತ ಲೇತ್ ಕೆಲಸಗಾರ

ಸ್ಪ್ರಿಂಗ್‌ಗೆ ಅರ ಹಾಕಬೇಡಿ. ಅಡ್ಡ ಗೀರು ಬಿದ್ದ ಜಾಗದಲ್ಲೇ ಅದು ಮುಂದೆ ಮುರಿಯುತ್ತದೆ. ಬಿಚ್ಚಿದರೆ ಗ್ಯಾರಂಟಿಯೂ ಹೋಗಬಹುದು. ನಡುವಿನಲ್ಲಿ ಒತ್ತುವ ಸನ್ನೆಗೆ ಆ ಸ್ಪ್ರಿಂಗ್ ಬಲ ಬೇಕೇ ಬೇಕು. ಕೂಡುವ ಮುಖಕ್ಕೆ ಒಂದು ಹನಿ ತೆಳು ಎಣ್ಣೆ ಬಿಟ್ಟು ಶನಿವಾರದವರೆಗೆ ಬಿಚ್ಚಿ ಮುಚ್ಚಿ. ಟಕ್ ಎನ್ನುವುದು ಹೋದರೆ ಇಟ್ಟುಕೊಳ್ಳಿ, ಉಳಿದರೆ ಕಳಿಸಿ.

ಚಿಕ್ಕಬಳ್ಳಾಪುರ, ಚಾಕು ಸಂಗ್ರಾಹಕ

ಎಣ್ಣೆ ಹಾಕಿದ ಚಾಕುವನ್ನು "ಬಳಸಲಾಗಿದೆ" ಎಂದು ಹೇಳಿ ತೆಗೆದುಕೊಳ್ಳದಿದ್ದರೆ 3,850 ರೂಪಾಯಿಯನ್ನು ಕೆಜಿಎಫ್‌ನವರು ಕೊಡುತ್ತಾರೆಯೇ? ಇಂದೇ ಒರೆಸಿ ಕಳಿಸಿ.

ಶ್ರೀನಿವಾಸಪುರ, ಮಾವಿನ ನರ್ಸರಿ

ಅವರು ಕಳಿಸುವುದೇ ಆದರೆ ಅಂಗಡಿಗೆ ಬೇಡ, ನನಗೆ ಕಳಿಸಲಿ. ಅದೇ 3,850ಕ್ಕೆ ನಾನು ತೆಗೆದುಕೊಳ್ಳುತ್ತೇನೆ, ಅಂಚೆ ವೆಚ್ಚವೂ ನನ್ನದೇ. ಕಸಿಯ ಹಂಗಾಮು ಬರುವ ಮೊದಲು ನನಗೆ ಇನ್ನೊಂದು ಬಿಗಿ ಲಾಕ್ ಬೇಕಾಗಿದೆ.